ಬಿ ವ್ಯಾಲ್ಯೂ ದೀಪದ ಸುಳ್ಳು ಕೆಂಪು ನಿಲ್ಲಿಸಿದ್ದು: ನನ್ನ ಅನುಭವ

ಬಿ ವ್ಯಾಲ್ಯೂ ಅಂದರೆ ದೊಡ್ಡ ಭೂಕಂಪಗಳಿಗೆ ಹೋಲಿಸಿದರೆ ಸಣ್ಣವು ಎಷ್ಟು ಹೆಚ್ಚು ಅಂತ ಹೇಳುವ ಅಳತೆ. ಅದನ್ನಿಟ್ಟು ಭೂಕಂಪ ವಿಜ್ಞಾನಿಗಳಾದ ಗುಲಿಯಾ ಮತ್ತು ವೀಮರ್ 2019ರಲ್ಲಿ ಒಂದು ಟ್ರಾಫಿಕ್ ದೀಪದ ಲೆಕ್ಕ ಕೊಟ್ಟರು. ದೊಡ್ಡ ಕಂಪನದ ನಂತರ ಬಿ ವ್ಯಾಲ್ಯೂ ಹಿನ್ನೆಲೆಗಿಂತ (ಅದೇ ಜಾಗದ ಹಿಂದಿನ ಮಟ್ಟಕ್ಕಿಂತ) ಶೇ. 10 ಇಳಿದರೆ ಕೆಂಪು, ಅಂದರೆ ಆಗಿದ್ದು ಪೂರ್ವಕಂಪನ ಇರಬಹುದು, ಇನ್ನೂ ದೊಡ್ಡದು ಬರಬಹುದು. ಅಷ್ಟೇ ಏರಿದರೆ ಹಸಿರು, ನಡುವೆ ಕಿತ್ತಳೆ. "ಎಂಸಿ ಆರಿಸುವವನ ಕೈಗೆ ತಕ್ಕ ಬಣ್ಣ ಬರುತ್ತೆ, ಇದರಲ್ಲಿ ಪರೀಕ್ಷೆ ಮಾಡೋಕೆ ಏನಿದೆ" ಅಂತ ನಕ್ಕವರೇ ಜಾಸ್ತಿ. (ಎಂಸಿ ಅಂದರೆ ಅದಕ್ಕಿಂತ ದೊಡ್ಡ ಕಂಪನಗಳೆಲ್ಲ ದಾಖಲಾಗಿವೆ ಅನ್ನಬಹುದಾದ ಕನಿಷ್ಠ ಮ್ಯಾಗ್ನಿಟ್ಯೂಡ್.) ಅವರ ಮಾತು ಅರ್ಧ ನಿಜ.

ನಿಜವಾದ ಸರಣಿಯನ್ನು ಮೊದಲು ಮುಟ್ಟಲೇ ಇಲ್ಲ. ಬಿ ವ್ಯಾಲ್ಯೂ 1ರಲ್ಲೇ ನಿಲ್ಲಿಸಿದ ಕೃತಕ ಕ್ಯಾಟಲಾಗ್‌ಗಳನ್ನು (ಕಂಪನಗಳ ಪಟ್ಟಿಗಳನ್ನು) ಮಾಡಿ, ದೊಡ್ಡ ಕಂಪನದ ಬೆನ್ನಿಗೆ ಎಂಸಿ ಎಷ್ಟಿರುತ್ತೆ ಅಂತ ಹೇಳುವ ಹೆಲ್ಮ್‌ಸ್ಟೆಟರ್ ಸೂತ್ರದಂತೆ ಸಣ್ಣವನ್ನು ಉದುರಿಸಿದೆ. 6.4ರ ಕಂಪನವಾದರೆ ಐದು ನಿಮಿಷಕ್ಕೆ ಎಂಸಿ ಸುಮಾರು 3.7, ಒಂದು ಗಂಟೆಗೆ 2.9, ಒಂದು ದಿನಕ್ಕೆ 1.9. ಇಡೀ ಕಿಟಕಿಗೆ (ಲೆಕ್ಕಕ್ಕೆ ಹಿಡಿದ ಅವಧಿಗೆ) ಒಂದೇ ಎಂಸಿ ಇಟ್ಟು, ಸರಾಸರಿ ಮ್ಯಾಗ್ನಿಟ್ಯೂಡ್‌ನಿಂದ ಬಿ ತೆಗೆಯುವ ಅಕಿ ಸೂತ್ರ ಹಾಕಿದರೆ ಅರ್ಧಕ್ಕೂ ಹೆಚ್ಚು ಕ್ಯಾಟಲಾಗ್‌ಗಳಿಗೆ ಕೆಂಪು. ಸಣ್ಣವು ಕಾಣೆಯಾದಷ್ಟೂ ಸರಾಸರಿ ಮ್ಯಾಗ್ನಿಟ್ಯೂಡ್ ಮೇಲೇರುತ್ತೆ, ಬಿ ಬೀಳುತ್ತೆ. ಭೂಮಿಯಲ್ಲಿ ಏನೂ ಬದಲಾಗಿರಲ್ಲ.

ದುಡ್ಡು ಹೋಗಿದ್ದೂ ಇಲ್ಲೇ. ಒಂದು ಕಂಪನ ಮತ್ತಷ್ಟನ್ನು ಹುಟ್ಟಿಸುವುದನ್ನು ಲೆಕ್ಕ ಹಾಕುವ ಇಟಿಎಎಸ್ ಮಾದರಿಯನ್ನು ಪೂರ್ತಿ ಓಡಿಸಲು ಕ್ಲೌಡ್ ಬಾಡಿಗೆ ಹನ್ನೆರಡು ಹದಿಮೂರು ಸಾವಿರ ರೂಪಾಯಿ. ಅದು ಬೇಕೇ ಇರಲಿಲ್ಲ. ಮರುಕಂಪನಗಳು ದಿನ ಕಳೆದಂತೆ ಇಳಿಯುತ್ತವೆ ಅನ್ನುವ ಒಮೊರಿ ನಿಯಮದ ಸಮಯಗಳಿಗೆ ಚೀಟಿ ಎತ್ತಿದಂತೆ ಮ್ಯಾಗ್ನಿಟ್ಯೂಡ್ ಹಾಕಿದರೆ ಲ್ಯಾಪ್‌ಟಾಪಿನಲ್ಲೇ ಒಂದು ರಾತ್ರಿಯ ಕೆಲಸ.

ದಾರಿ ತೋರಿದ್ದು ಭೂಕಂಪ ವಿಜ್ಞಾನಿ ವಾನ್ ಡರ್ ಎಲ್ಸ್ಟ್ 2021ರಲ್ಲಿ ಕೊಟ್ಟ ಬಿ-ಪಾಸಿಟಿವ್ ವಿಧಾನ. ಒಂದರ ಹಿಂದೊಂದು ಬಂದ ಕಂಪನಗಳ ಮ್ಯಾಗ್ನಿಟ್ಯೂಡ್ ವ್ಯತ್ಯಾಸ ತೆಗೆದು, 0.2 ಅಥವಾ ಅದಕ್ಕಿಂತ ಹೆಚ್ಚಿರುವ ಧನ ವ್ಯತ್ಯಾಸಗಳನ್ನಷ್ಟೇ ಇಟ್ಟುಕೊಳ್ಳುವುದು. ಉಳಿಯುವುದು ಮೂರರಲ್ಲಿ ಒಂದು ಪಾಲು. ಹಿನ್ನೆಲೆಗೂ ಇದೇ ಅಳತೆ ಹಾಕಬೇಕು. ಅಲ್ಲಿ ಅಕಿ, ಇಲ್ಲಿ ಬಿ-ಪಾಸಿಟಿವ್ ಅಂತ ಹೋಲಿಸಿದರೆ ಕೆಲಸ ಕೆಟ್ಟಿತು.

ಆದರೂ ಕೆಂಪು ಕಡಿಮೆಯಾಗಲಿಲ್ಲ. ಎರಡು ವಾರ ಕೋಡ್ ಜಾಲಾಡಿದ ಮೇಲೆ ಸಿಕ್ಕ ತಪ್ಪು ಇಷ್ಟು: ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನಿಂದ ಇಳಿಸಿದ ಫೈಲಿನಲ್ಲಿ ಹೊಸ ಕಂಪನ ಮೇಲಿರುತ್ತೆ, ಹಳೆಯದು ಕೆಳಗೆ. ಕೃತಕ ಕ್ಯಾಟಲಾಗನ್ನೂ ಅದೇ ಅಚ್ಚಿನಲ್ಲಿ ಬರೆಸಿದ್ದೆ. ಹಾಗೇ ಕಳೆದರೆ ಗುರುತು ತಿರುಗುಮುರುಗಾಗಿ, ದೊಡ್ಡದರ ಬೆನ್ನಿಗೆ ಬಂದ ಸಣ್ಣವೇ ಲೆಕ್ಕಕ್ಕೆ ಬೀಳುತ್ತವೆ. ನಾವು ಕಳೆದುಕೊಂಡಿರುವುದು ಅವನ್ನೇ ತಾನೆ! ಜಾಗದ ಪ್ರಕಾರ ಸೋಸಿದ ಮೇಲೆ ಸಮಯದಂತೆ ಏರಿಕೆ ಕ್ರಮದಲ್ಲಿ ಜೋಡಿಸಿ, ಆಮೇಲೆ ಕಳೆಯಿರಿ.

ಇನ್ನು ಸಂಖ್ಯೆ. ಬಿ ವ್ಯಾಲ್ಯೂ ದೋಷ ಸರಿಸುಮಾರು ಬಿ ಭಾಗಿಸು ಎನ್‌ನ ವರ್ಗಮೂಲ (ಎನ್ ಅಂದರೆ ಲೆಕ್ಕಕ್ಕೆ ಸಿಕ್ಕವುಗಳ ಸಂಖ್ಯೆ). 50 ಕಂಪನಕ್ಕೆ ಶೇ. 14 ದೋಷ, ಶೇ. 10ರ ಗೆರೆ ಅದರೊಳಗೇ ಮುಳುಗಿಹೋಗುತ್ತೆ. 400 ವ್ಯತ್ಯಾಸ ಸಿಕ್ಕರೆ ಶೇ. 5, ಹಿನ್ನೆಲೆಯ ಅಷ್ಟೇ ದೋಷವೂ ಸೇರಿ ಶೇ. 7. ಅಷ್ಟಕ್ಕೆ ಕಚ್ಚಾ ಕಂಪನ 1,100 ದಾಟಿರಬೇಕು. ಇಷ್ಟಾದ ಮೇಲೆ ಸುಳ್ಳು ಕೆಂಪು ನೂರಕ್ಕೆ ಏಳೆಂಟಕ್ಕೆ ಇಳಿಯಿತು. ನಕ್ಕವರಿಗೆ ಅದೇ ಕೋಡ್ ಕೊಟ್ಟೆ, ಅವರಿಗೂ ಅಷ್ಟೇ ಬಂತು. ಕಿಟಕಿಯ ಉದ್ದ ಆರಿಸುವುದಕ್ಕೆ ನನ್ನದೊಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಿಜವಾದ ಸರಣಿಗಳಲ್ಲಿ ಇಟಲಿಯ 2016ರ ಅಮಟ್ರಿಚೆ ಸುಲಭದ್ದು. ಆಗಸ್ಟ್ 24ರಿಂದ ಅಕ್ಟೋಬರ್ 30ರ ನೋರ್ಚಾ ಕಂಪನದವರೆಗೆ ಎರಡು ತಿಂಗಳ ಮೇಲೆ ಸಮಯವಿದೆ, ಮೊದಲ ದಿನಗಳನ್ನು ಬಿಸಾಡಿದರೂ ನಷ್ಟವಿಲ್ಲ. ಜಪಾನಿನ ಕುಮಾಮೊಟೊದಲ್ಲಿ ಎರಡು ದೊಡ್ಡ ಕಂಪನಗಳ ನಡುವೆ ಸಿಗುವುದು 28 ಗಂಟೆ. ಕಲಬುರಗಿಯ ಗಡಿಕೇಶ್ವರದ ಕಂಪನಗಳಿಗೂ ಹಾಕಬಹುದಾ ಅಂತ ಕೇಳುತ್ತಾರೆ. ದಾಖಲಾದ ಅಷ್ಟು ಕಡಿಮೆ ಕಂಪನಗಳಿಗೆ ಹಾಕಿದರೆ ಬರೋದು ಬಣ್ಣವಲ್ಲ, ಲಾಟರಿ.

ಕ್ಯಾಲಿಫೋರ್ನಿಯಾದ ರಿಜ್‌ಕ್ರೆಸ್ಟ್‌ನದೇ ತಕರಾರು. 2019ರ ಜುಲೈ 4ರ 6.4 ಮುಖ್ಯವಾಗಿ ಈಶಾನ್ಯ-ನೈಋತ್ಯ ಬಿರುಕಿನಲ್ಲಿ ಒಡೆಯಿತು, 34 ಗಂಟೆ ಬಿಟ್ಟು ಬಂದ 7.1 ಅದಕ್ಕೆ ಅಡ್ಡಲಾದ ವಾಯವ್ಯ-ಆಗ್ನೇಯ ಬಿರುಕಿನಲ್ಲಿ. ಬಿರುಕಿನಿಂದ 3 ಕಿ.ಮೀ. ಒಳಗಿನ ಕಂಪನ ಆರಿಸುವಾಗ ಯಾವ ಬಿರುಕಿನ ಪ್ಲೇನ್ (ಸಮತಲ) ಹಿಡಿದಿರಿ ಅನ್ನುವುದರ ಮೇಲೆ ಬಣ್ಣ ಅಲುಗಾಡುತ್ತೆ. ಎರಡಕ್ಕೂ ಓಡಿಸಿ, ಒಂದೇ ಬಣ್ಣ ಬಾರದಿದ್ದರೆ ಕಿತ್ತಳೆ ಅಂತಲೇ ಬರೆಯುತ್ತೇನೆ. ಹಿನ್ನೆಲೆ ಲೆಕ್ಕ ಹಾಕುವಾಗ ಉತ್ತರಕ್ಕಿರುವ ಕೋಸೊ ಭೂಶಾಖ ಕ್ಷೇತ್ರದ ಕಂಪನಗಳನ್ನೂ ಕ್ವಾರಿ ಬ್ಲಾಸ್ಟ್‌ಗಳನ್ನೂ ಮೊದಲೇ ತೆಗೆದುಬಿಡಿ. ಗಂಟೆವಾರು ಎಣಿಕೆಯಲ್ಲಿ ಹಗಲು ಹೊತ್ತು ಉಬ್ಬಿದ್ದರೆ ಬ್ಲಾಸ್ಟ್ ಇನ್ನೂ ಉಳಿದಿದೆ ಅಂತ ಲೆಕ್ಕ.