ಫೋನಿನಲ್ಲಿ ಓದಲು ಅಕ್ಷರ ಸಣ್ಣದೇ? ಬ್ರೌಸರ್ ಬದಲಿಸಿ ನೋಡಿ

ಎರಡು ಬೆರಳಲ್ಲಿ ಹಿಗ್ಗಿಸಿದರೆ ಪುಟವೇನೋ ದೊಡ್ಡದಾಗುತ್ತದೆ, ಆದರೆ ಸಾಲಿನ ತುದಿ ಪರದೆಯ ಆಚೆ ಹೋಗಿಬಿಡುತ್ತದೆ. ಸಾಲುಸಾಲಿಗೂ ಪುಟವನ್ನು ಅತ್ತಿತ್ತ ಎಳೆಯುವುದು ಬೇಡವೆಂದರೆ, ಅಕ್ಷರ ಬೆಳೆದಂತೆ ಸಾಲನ್ನೂ ಪರದೆಯ ಅಗಲಕ್ಕೆ ಹೊಂದಿಸುವ ಬ್ರೌಸರ್ ಬೇಕು.

ಆಂಡ್ರಾಯ್ಡ್‌ನಲ್ಲಿ ಮೊದಲು ಫೈರ್‌ಫಾಕ್ಸ್ ಹಾಕಿ ನೋಡಿ. ಸೆಟ್ಟಿಂಗ್ಸ್ → ಆಕ್ಸೆಸಿಬಿಲಿಟಿಗೆ ಹೋಗಿ ‘ಆಟೋಮ್ಯಾಟಿಕ್ ಫಾಂಟ್ ಸೈಜಿಂಗ್’ ಆಫ್ ಮಾಡಿ. ಅದು ಆನ್ ಇದ್ದಷ್ಟು ಹೊತ್ತು ಬ್ರೌಸರ್ ಫೋನಿನ ಅಕ್ಷರದ ಅಳತೆಯನ್ನೇ ಹಿಡಿದಿರುತ್ತದೆ. ಆಫ್ ಮಾಡಿದ ಮೇಲೆ 50%ರಿಂದ 200%ರವರೆಗೆ ಅಳತೆ ನಿಮ್ಮ ಕೈಯಲ್ಲಿ. 120ರಿಂದ ಶುರುಮಾಡಿ, ಒಂದು ಉದ್ದ ಲೇಖನ ತೆರೆದು ನೋಡಿ, ಸಾಲದಿದ್ದರೆ ಸ್ವಲ್ಪಸ್ವಲ್ಪವೇ ಏರಿಸಿ. ಒಮ್ಮೆಗೇ 200ಕ್ಕೆ ಒಯ್ದರೆ ಎತ್ತರ ನಿಗದಿಯಾದ ಬಟನ್, ಮೆನುಗಳಲ್ಲಿ ಅಕ್ಷರ ತುಂಡಾಗುತ್ತದೆ. ಕನ್ನಡದಲ್ಲಂತೂ ಮೊದಲು ಮಾಯವಾಗುವುದು ಒತ್ತಕ್ಷರ. ಅದೇ ಆಕ್ಸೆಸಿಬಿಲಿಟಿ ಪುಟದಲ್ಲಿರುವ ‘ಝೂಮ್ ಆನ್ ಆಲ್ ವೆಬ್‌ಸೈಟ್ಸ್’ ಕೂಡ ಆನ್ ಮಾಡಿ. ಬೆರಳಲ್ಲಿ ಹಿಗ್ಗಿಸುವುದನ್ನು ತಡೆಯುವ ತಾಣಗಳಿಗೆ ಇದೇ ಮದ್ದು.

ಲೇಖನಗಳಿಗೆ ಇನ್ನೂ ಒಳ್ಳೆಯದು ಫೈರ್‌ಫಾಕ್ಸ್‌ನ ರೀಡರ್ ವ್ಯೂ. ವಿಳಾಸದ ಪಟ್ಟಿಯಲ್ಲಿ ಅದರ ಗುರುತು ಒತ್ತಿದರೆ ಜಾಹೀರಾತು, ಮೆನು ಎಲ್ಲ ಹೋಗಿ ಬರಹವಷ್ಟೇ ಉಳಿಯುತ್ತದೆ. ಅಲ್ಲಿ ಅಳತೆಯನ್ನು ಬೇರೆಯಾಗಿಯೇ ಹೊಂದಿಸಬಹುದು. ಮುಖಪುಟಗಳಲ್ಲಿ ಈ ಗುರುತು ಕಾಣದಿದ್ದರೆ ಗಾಬರಿ ಬೇಡ, ಅದು ಲೇಖನಗಳಿಗೇ ಇರುವುದು.

ಬೆರಳಲ್ಲಿ ಹಿಗ್ಗಿಸುವ ಅಭ್ಯಾಸ ಬಿಡಲಾಗದವರಿಗೆ ಒಪೆರಾ. ಸೆಟ್ಟಿಂಗ್ಸ್‌ನಲ್ಲಿ ‘ಟೆಕ್ಸ್ಟ್ ವ್ರ್ಯಾಪ್’ ಆನ್ ಮಾಡಿದರೆ, ಹಿಗ್ಗಿಸಿ ಬೆರಳು ತೆಗೆದ ಮೇಲೆ ಸಾಲುಗಳು ಪರದೆಯೊಳಗೆ ಮತ್ತೆ ಜೋಡಣೆಯಾಗುತ್ತವೆ. ಹಳೆಯ ಕಾಲದ, ಫೋನಿಗೆಂದು ಮಾಡಿರದ ತಾಣಗಳಿಗೆ ಇದರಷ್ಟು ಅನುಕೂಲ ಬೇರೆ ಇಲ್ಲ.

ಐಫೋನಿನಲ್ಲಿ ಬ್ರೌಸರ್ ಬದಲಿಸಿ ಹೆಚ್ಚು ಲಾಭವಿಲ್ಲ. ಹೆಸರು ಯಾವುದೇ ಇರಲಿ, ಬಹುತೇಕ ಎಲ್ಲದರ ಒಳಗೂ ಪುಟ ಮೂಡಿಸುವ ಎಂಜಿನ್ ಆಗಿ ಸಫಾರಿಯ ವೆಬ್‌ಕಿಟ್ಟೇ ಇರುತ್ತದೆ. ಸಫಾರಿಯ ಪುಟದ ಮೆನುವಿನಲ್ಲೇ ಅಳತೆ ಏರಿಸಿ.

ಎಲ್ಲ ಹೊಂದಿಸಿದರೂ ಅಕ್ಷರ ಸಣ್ಣದೇ ಕಾಣುತ್ತಿದೆಯೇ? ಮೊದಲು ಮೆನುವಿನಲ್ಲಿ ‘ಡೆಸ್ಕ್‌ಟಾಪ್ ಸೈಟ್’ ಆನ್ ಆಗಿದೆಯೇ ನೋಡಿ, ಆಗಿದ್ದರೆ ಆಫ್ ಮಾಡಿ. ಇಲ್ಲವಾದರೆ, ಬೇರೆ ಆ್ಯಪ್‌ಗಳಿಂದ ಬರುವ ಲಿಂಕ್ ಹಳೆಯ ಬ್ರೌಸರ್‌ನಲ್ಲೇ ತೆರೆಯುತ್ತಿರಬಹುದು. ಆಂಡ್ರಾಯ್ಡ್ ಸೆಟ್ಟಿಂಗ್ಸ್ → ಆ್ಯಪ್ಸ್ → ಡೀಫಾಲ್ಟ್ ಆ್ಯಪ್ಸ್‌ನಲ್ಲಿ ಹೊಸದನ್ನು ಆರಿಸಿ. ಕೆಲವು ಆ್ಯಪ್‌ಗಳು ಲಿಂಕನ್ನು ತಮ್ಮೊಳಗೇ ತೆರೆಯುತ್ತವೆ, ಅಲ್ಲಿ ನಿಮ್ಮ ಬ್ರೌಸರ್‌ನ ಅಳತೆ ನಡೆಯುವುದಿಲ್ಲ. ಮೂರು ಚುಕ್ಕಿ ಒತ್ತಿ ‘ಓಪನ್ ಇನ್ ಬ್ರೌಸರ್’ ಕೊಡಿ.