ಸೂಜಿ ಹಾಕಿ ಕಲಿಯಲು ಜೆಲಾಟಿನ್ ಕಿಡ್ನಿ ಮಾಡುವುದು ಹೇಗೆ

ಅಲ್ಟ್ರಾಸೌಂಡ್ ನೋಡುತ್ತಾ ಕಿಡ್ನಿಗೆ ಸೂಜಿ ಹಾಕುವ ಪ್ರತಿ ಡಾಕ್ಟರೂ ಆ ಕೆಲಸವನ್ನು ಒಂದಲ್ಲ ಒಂದು ದಿನ ಮೊದಲ ಸಲ ಮಾಡಲೇಬೇಕು. ಆ ಮೊದಲ ಸಲ ರೋಗಿಯ ಬೆನ್ನಿನ ಮೇಲೆ ಆಗದಿರಲಿ ಅಂತ ಈ ಮಾಡೆಲ್. ಮೂತ್ರ ಕಟ್ಟಿಕೊಂಡು ಊದಿದ ಕಿಡ್ನಿಯೊಂದನ್ನು ಮಾಡೋಣ, ನೆಫ್ರೊಸ್ಟಮಿ (ಬೆನ್ನಿನ ಕಡೆಯಿಂದ ಚುಚ್ಚಿ ಕಿಡ್ನಿಯಲ್ಲಿ ಕಟ್ಟಿಕೊಂಡ ಮೂತ್ರವನ್ನು ಹೊರಗೆ ಬಿಡುವುದು) ಕಲಿಸುವುದಕ್ಕೆ ಅದೇ ಬೇಕು.

ಮೊದಲೇ ಹೇಳಿಬಿಡುತ್ತೇನೆ, ಇದು ನೋಡಲು ಚೆನ್ನಾಗಿರುವುದಿಲ್ಲ. ಚೆನ್ನಾಗಿರಬೇಕಾದ್ದು ಸ್ಕ್ರೀನಿನಲ್ಲಿ. ಸಿಲಿಕೋನಿನಲ್ಲಿ ಎರಕ ಹೊಯ್ದ ಕಿಡ್ನಿ ಕೈಯಲ್ಲಿ ಹಿಡಿದರೆ ಅಸಲಿಯಂತೆಯೇ ಇರುತ್ತದೆ, ಪ್ರೋಬ್ (ಸ್ಕ್ಯಾನ್ ಮಾಡುವಾಗ ಮೈಮೇಲೆ ಇಡುವ ಸಾಧನ) ಇಟ್ಟರೆ ಮಾತ್ರ ಲೆಕ್ಕ ತಪ್ಪುತ್ತದೆ. ಶಬ್ದ ಸೆಕೆಂಡಿಗೆ 1540 ಮೀಟರ್ ಓಡುತ್ತದೆ ಅಂತ ಸ್ಕ್ಯಾನಿಂಗ್ ಮೆಷಿನ್ ನಂಬಿಕೊಂಡಿರುತ್ತದೆ, ಸಿಲಿಕೋನಿನಲ್ಲಿ ಅದು ಸುಮಾರು 1000 ಮೀಟರ್ ಅಷ್ಟೇ. ಹಾಗಾಗಿ 4 ಸೆಂ.ಮೀ. ಆಳದಲ್ಲಿರುವುದು 6 ಸೆಂ.ಮೀ.ಗಿಂತ ಕೆಳಗೆ ಕಾಣುತ್ತದೆ. ಆಳ ಅಂದಾಜು ಮಾಡುವುದನ್ನೇ ಕಲಿಸಲು ಹೊರಟವರಿಗೆ ಇದು ಯಾಕೆ ಬೇಕು? ಜೆಲಾಟಿನ್ ಬಹುಪಾಲು ನೀರು, ಆದ್ದರಿಂದ 1540ಕ್ಕೆ ಹತ್ತಿರವೇ ಇರುತ್ತದೆ.

ಆದರೆ ಬರೀ ಜೆಲಾಟಿನ್ ಸ್ಕ್ರೀನಿನಲ್ಲಿ ಕಪ್ಪಾಗಿ ಕಾಣುತ್ತದೆ, ಏಕೆಂದರೆ ಶಬ್ದವನ್ನು ಚದುರಿಸುವ ಕಣ ಅದರಲ್ಲಿಲ್ಲ. ಅದಕ್ಕೆ ಇಸಬಗೋಲಿನ ನುಣ್ಣನೆ ಪುಡಿ ಸೇರಿಸಬೇಕು. ಈ ಉಪಾಯ ಹೊಸದೇನಲ್ಲ, 1995ರಲ್ಲೇ ಬ್ಯೂಡ್ ಮತ್ತು ಆಡ್ಲರ್ ಎಂಬ ಸಂಶೋಧಕರು ಇದನ್ನು ಬರೆದಿಟ್ಟಿದ್ದಾರೆ. ಹೊಟ್ಟನ್ನು ಹಾಗೇ ಹಾಕಿದರೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ, ಪುಡಿ ಮಾಡಿ ಜರಡಿ ಹಿಡಿಯಿರಿ.

ಅಳತೆ ಹೀಗೆ. ಕಿಡ್ನಿಗೆ 250 ಮಿ.ಲೀ. ನೀರು, 30 ಗ್ರಾಂ ಜೆಲಾಟಿನ್, ಒಂದು ಟೀ ಚಮಚ ಪುಡಿ. ಸುತ್ತಲಿನ ಭಾಗಕ್ಕೆ ಒಂದೂವರೆ ಲೀಟರ್ ನೀರು, 120 ಗ್ರಾಂ ಜೆಲಾಟಿನ್, ಆರು ದೊಡ್ಡ ಚಮಚ ಪುಡಿ. ಹೊರಗೆ ಪುಡಿ ಇಷ್ಟು ಜಾಸ್ತಿ ಯಾಕೆ ಅಂದರೆ, ಅಸಲಿ ಸ್ಕ್ಯಾನಿನಲ್ಲಿ ಕಿಡ್ನಿಯ ಸುತ್ತಲಿನ ಕೊಬ್ಬು ಬೆಳ್ಳಗೆ, ಕಿಡ್ನಿಯ ಹೊರಪದರ ಅದಕ್ಕಿಂತ ಕಪ್ಪಗೆ ಕಾಣುತ್ತದೆ. ಎರಡಕ್ಕೂ ಒಂದೇ ಅಳತೆ ಹಾಕಿದರೆ ಕಿಡ್ನಿ ಎಲ್ಲಿ ಮುಗಿಯಿತು ಅಂತ ಮಾಡಿದವರಿಗೂ ಗೊತ್ತಾಗುವುದಿಲ್ಲ.

ಜೆಲಾಟಿನ್ ಪುಡಿಯನ್ನು ತಣ್ಣೀರಿನ ಮೇಲೆ ಉದುರಿಸಿ ಹತ್ತು ನಿಮಿಷ ನೆನೆಯಲು ಬಿಡಿ. ಆಮೇಲೆ ಸಣ್ಣ ಉರಿಯಲ್ಲಿ 60 ಡಿಗ್ರಿವರೆಗೆ ಬಿಸಿ ಮಾಡಿ ಕರಗಿಸಿ. ಕುದಿಸಬೇಡಿ, ಗಟ್ಟಿತನ ಹೋಗುತ್ತದೆ. ನಾನು ಮೊದಲ ಸಲ ಗಂಟಾಗದಿರಲಿ ಅಂತ ಮೊಟ್ಟೆ ಕಡೆದ ಹಾಗೆ ಜೋರಾಗಿ ಕಡೆದೆ. ಮಾರನೇ ದಿನ ಪ್ರೋಬ್ ಇಟ್ಟರೆ ಬರೀ ಬಿಳಿ ಮಂಜು, ಒಳಗೆ ಏನಿದೆ ಅಂತಲೇ ಕಾಣದು. ಗಾಳಿಗುಳ್ಳೆಯೇ ಇಲ್ಲಿ ದೊಡ್ಡ ಶತ್ರು. ಇಸಬಗೋಲನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತಾ ನಿಧಾನಕ್ಕೆ ಕಲಕಿ, ಮೇಲೆ ಕಟ್ಟಿದ ನೊರೆ ತೆಗೆಯಿರಿ, ಆರುವಾಗಲೂ ಆಗಾಗ ಒಂದು ಸುತ್ತು ಕಲಕುತ್ತಿರಿ, ಇಲ್ಲದಿದ್ದರೆ ಪುಡಿ ತಳಕ್ಕೆ ಕೂತು ಕೆಳಗೆ ಬೆಳ್ಳಗೆ ಮೇಲೆ ಕಪ್ಪಗೆ ಆಗುತ್ತದೆ.

ಮೂತ್ರ ತುಂಬಿದ ಜಾಗಕ್ಕೆ ತೆಳು ರಬ್ಬರ್ ಗ್ಲೌಸಿನ ಒಂದು ಬೆರಳು ಸಾಕು. ಬಲೂನ್ ಬೇಡ, ಬಿಗಿಯಾಗಿ ಊದಿದ್ದು ಮೊದಲ ಚುಚ್ಚಿಗೇ ಒಡೆಯುತ್ತದೆ. ಬೆರಳನ್ನು ಕತ್ತರಿಸಿ, ಹಳದಿ ಬಣ್ಣದ ನೀರಿರುವ ಬೋಗುಣಿಯಲ್ಲಿ ಪೂರ್ತಿ ಮುಳುಗಿಸಿ, ಒಳಗಿನ ಗುಳ್ಳೆಗಳನ್ನೆಲ್ಲ ಹಿಂಡಿ ಹೊರಗೆ ಬಿಟ್ಟು, ನೀರಿನೊಳಗೇ ಇಟ್ಟುಕೊಂಡು ದಾರದಿಂದ ಬಾಯಿ ಕಟ್ಟಿ. ಸ್ವಲ್ಪ ಸಡಿಲವಾಗಿಯೇ ಇರಲಿ. ಸಡಿಲವಾಗಿದ್ದರೆ ಚುಚ್ಚಿದ ಮೇಲೂ ಸುತ್ತಲಿನ ಜೆಲಾಟಿನ್ ಅದನ್ನು ಹಿಡಿದುಕೊಂಡಿರುತ್ತದೆ, ಇನ್ನೂ ಕೆಲವು ಚುಚ್ಚು ತಡೆಯುತ್ತದೆ.

ಅಚ್ಚಿಗೆ ಎರಡು ದಾರಿ. ಸಿಟಿ ಸ್ಕ್ಯಾನಿನಿಂದ ಕಿಡ್ನಿಯ ಆಕಾರವನ್ನು 3ಡಿ ಸ್ಲೈಸರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಬೇರ್ಪಡಿಸಿ ಎರಡು ಹೋಳಿನ ಅಚ್ಚು ಪ್ರಿಂಟ್ ಮಾಡಬಹುದು (ಅದಕ್ಕೂ ಮೊದಲು ಫೈಲಿನಿಂದ ರೋಗಿಯ ಹೆಸರು, ನಂಬರ್ ಎಲ್ಲ ಅಳಿಸಿ). ಪ್ರಿಂಟರ್ ಇಲ್ಲವಾ, ಜೇಡಿಮಣ್ಣಿನಲ್ಲಿ 11 ಸೆಂ.ಮೀ. ಉದ್ದದ ಕಿಡ್ನಿ ಮಾಡಿ ಪ್ಲಾಸ್ಟರ್ ಅಚ್ಚು ತೆಗೆಯಿರಿ. ಹೇಗಿದ್ದರೂ ಮೇಲಿನ ಹೋಳಿಗೆ ಎರಡು ತೂತು ಬೇಕು, ಒಂದು ಹೊಯ್ಯಲು, ಇನ್ನೊಂದು ಗಾಳಿ ಹೋಗಲು. ಒಳಗೆ ಎಣ್ಣೆ ಸವರಿ. ಕೆಳಗಿನ ಹೋಳು ತುಂಬಿ ಫ್ರಿಜ್ಜಿನಲ್ಲಿ ಗಟ್ಟಿಯಾದ ಮೇಲೆ ಗ್ಲೌಸಿನ ಬೆರಳನ್ನು ನಡುವೆ ಇಟ್ಟು, ಮುಚ್ಚಿ, ಉಳಿದದ್ದನ್ನು ಹೊಯ್ಯಿರಿ.

ಕಿಡ್ನಿ ಗಟ್ಟಿಯಾಯಿತಾ? ಈಗ ಅದನ್ನು ದೊಡ್ಡ ಡಬ್ಬಿಯಲ್ಲಿ ಕೂರಿಸಬೇಕು. ಮೊದಲು ತಳಕ್ಕೆ ಎರಡು ಬೆರಳಿನಷ್ಟು ಹೊರಗಿನ ಮಿಶ್ರಣ ಹಾಕಿ ಗಟ್ಟಿಯಾಗಲು ಬಿಡಿ, ಮೇಲೆ ಕಿಡ್ನಿ ಇಡಿ, ಉಳಿದದ್ದನ್ನು ಹೊಯ್ಯಿರಿ. ಹೊಯ್ಯುವ ಹೊತ್ತೇ ಮುಖ್ಯ. ಬೆರಳು ಅದ್ದಿದರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಬಿಸಿ ಜಾಸ್ತಿಯಾದರೆ ಕಿಡ್ನಿಯೇ ಕರಗುತ್ತದೆ, ತಣ್ಣಗಾದರೆ ಪದರ ಅಂಟದೆ ನಡುವೆ ಗಾಳಿ ಉಳಿಯುತ್ತದೆ. ಕಿಡ್ನಿಯ ಮೇಲೆ ಕನಿಷ್ಠ 4 ಸೆಂ.ಮೀ. ಇರಲಿ. ಮೇಲಕ್ಕೆ ಬರುವಾಗ ಎರಡು ಮರದ ಕಡ್ಡಿಗಳನ್ನು ಅಡ್ಡ ಹೂತಿಟ್ಟರೆ ಅವೇ ಪಕ್ಕೆಲುಬು, ಸ್ಕ್ರೀನಿನಲ್ಲಿ ಕೆಳಗೆಲ್ಲ ಕಪ್ಪು ನೆರಳು ಬೀಳುತ್ತದೆ, ಕಲಿಯುವವರು ಅದರ ಸಂದಿಯಲ್ಲಿ ದಾರಿ ಹುಡುಕಬೇಕು. ಹೊರಗಿನ ಮಿಶ್ರಣಕ್ಕೆ ಗಾಢ ಬಣ್ಣ ಹಾಕುವುದನ್ನು ಮರೆಯಬೇಡಿ. ಮೇಲಿಂದ ಸೂಜಿ ಕಾಣುತ್ತಿದ್ದರೆ ಸ್ಕ್ರೀನ್ ಯಾರು ನೋಡುತ್ತಾರೆ ಹೇಳಿ!

ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಲ್ಲ. ಪ್ರೋಬಿಗೆ ಅಲ್ಟ್ರಾಸೌಂಡ್ ಜೆಲ್ ಹಚ್ಚಿ, ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೂ ಜೆಲ್ ಹಚ್ಚಿ. ಬೂದುಬಣ್ಣದ ಕಿಡ್ನಿ, ನಡುವೆ ಕಪ್ಪು ಜಾಗ, ಅದರ ಹಿಂದೆ ಸ್ವಲ್ಪ ಬೆಳಕು, ಇಷ್ಟು ಕಂಡರೆ ಮಾಡೆಲ್ ಸರಿಯಾಗಿದೆ. ಸೂಜಿ ಸರಿಯಾದ ಜಾಗ ಸೇರಿದ ಮೇಲೆ ಅದರೊಳಗಿನ ತೆಳು ಕಡ್ಡಿ ತೆಗೆದು ಸಿರಿಂಜ್ ಎಳೆದರೆ ಹಳದಿ ನೀರು ಬರುತ್ತದೆ. ಎಕ್ಸ್-ರೇ ನೋಡುತ್ತಾ ಕಲಿಸುವುದಾದರೆ ಆ ನೀರಿಗೇ ಸ್ವಲ್ಪ ಕಾಂಟ್ರಾಸ್ಟ್ (ಎಕ್ಸ್-ರೇಯಲ್ಲಿ ಎದ್ದು ಕಾಣುವ ದ್ರವ) ಸೇರಿಸಿಕೊಳ್ಳಿ. ಈ ಸೂಜಿಗಳನ್ನು ಬೇರೆ ಡಬ್ಬಿಯಲ್ಲಿಟ್ಟು ದೊಡ್ಡದಾಗಿ ಬರೆದು ಅಂಟಿಸಿ, ತಪ್ಪಿಯೂ ರೋಗಿಗಳ ಸಾಮಾನಿನ ಜೊತೆ ಸೇರಬಾರದು. ಲೇಟೆಕ್ಸ್ ಅಲರ್ಜಿ ಇರುವವರಿದ್ದರೆ ನೈಟ್ರೈಲ್ ಗ್ಲೌಸ್ ಬಳಸಿ.

ಪ್ರತಿ ಚುಚ್ಚಿಗೂ ಗಾಳಿ ಒಳಗೆ ಹೋಗಿ ಬಿಳಿ ಗೆರೆ ಉಳಿಯುತ್ತದೆ, ಹಾಗಾಗಿ ನಾಲ್ಕೈದು ಜನ ಕಲಿಯುವಷ್ಟರಲ್ಲಿ ಹಳೇ ಗೆರೆಗಳೇ ದಾರಿ ತೋರಿಸಲು ಶುರು ಮಾಡುತ್ತವೆ. ತಿಂಗಳುಗಟ್ಟಲೆ ಬಾಳಬೇಕಿದ್ದರೆ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್) ಜೆಲ್ ನೋಡಿ, ಅದನ್ನು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಕರಗಿಸಿದ ಪ್ರತಿ ಸಲ ಇನ್ನಷ್ಟು ಗಟ್ಟಿಯಾಗುತ್ತದೆ, ಆದರೆ ಒಮ್ಮೆ ಮಾಡಿದ್ದನ್ನು ಮತ್ತೆ ಸುಮ್ನೆ ಕರಗಿಸಿ ಹೊಯ್ಯಲು ಬರುವುದಿಲ್ಲ. ಜೆಲಾಟಿನ್ನಿಗೆ ಆ ತೊಂದರೆ ಇಲ್ಲ. ಹರಿದ ಬೆರಳು, ಕಡ್ಡಿ ಎಲ್ಲ ತೆಗೆದು ಸಣ್ಣ ಉರಿಯಲ್ಲಿ ಕರಗಿಸಿದರೆ ಹೊರಗಿನ ಪದರಕ್ಕೆ ಇನ್ನೊಂದು ಸಲ ಬರುತ್ತದೆ. ಕಿಡ್ನಿಗೆ ಮಾತ್ರ ಹೊಸದೇ ಮಾಡಿ. ವಾಸನೆ ಬಂದರೆ, ಬೂಸ್ಟು ಕಂಡರೆ, ಪೂರ್ತಿ ಎಸೆದುಬಿಡಿ.