ಕುರ್ತಿ ವ್ಯಾಪಾರ: ಸಗಟು ರೇಟು, ಆನ್‌ಲೈನ್ ರೇಟು

ಡೊಂಬಿವಲಿ, ಥಾಣೆ ಕಡೆ ಕುರ್ತಿ ಹೊಲಿಸಿ ಮಾರುವವರಿಗೆ ಒಂದು ಮಾತು. ದಾದರ್ ಅಂಗಡಿಗೆ 400ಕ್ಕೆ ಕೊಟ್ಟ ಕುರ್ತಿಯನ್ನು ಆನ್‌ಲೈನಲ್ಲಿ 450ಕ್ಕೆ ಹಾಕಬೇಡಿ. ಗಿರಾಕಿ ಅಲ್ಲೇ ನಿಂತು ಮೊಬೈಲ್ ತೋರಿಸುತ್ತಾರೆ, ಅಂಗಡಿಯವರ ಮುಂದಿನ ಆರ್ಡರ್ ಹೋಯ್ತು ಅಂತಲೇ ಲೆಕ್ಕ. ಅವರು 700ಕ್ಕೆ ಮಾರಿದರೆ ನೀವೂ ಅದರ ಆಸುಪಾಸಲ್ಲೇ ಇರಿ. ಲಾಭ ಜಾಸ್ತಿ ಅನ್ನಿಸಬಹುದು. ಕಮಿಷನ್, ಕೊರಿಯರ್, ವಾಪಸ್ ಬರುವ ಮಾಲು ಎಲ್ಲವೂ ಅದರಲ್ಲೇ ಕಳೆಯಬೇಕಲ್ವಾ? ಆಫರ್ ಕೊಡಲೇಬೇಕೆಂದರೆ ಅಂಗಡಿಗೆ ಕೊಡದ ಡಿಸೈನ್‌ಗೆ ಕೊಡಿ.

ದುಬಾರಿ ಮಾಲಿಗೆ ಜಿಎಸ್‌ಟಿ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಪೀಸಿಗೆ 2,500 ರೂಪಾಯಿವರೆಗೆ ಶೇ. 5, ಮೇಲೆ ಹೋದರೆ ಶೇ. 18. 2,500ರದ್ದು ತೆರಿಗೆ ಸೇರಿ 2,625. ಸುಮ್ನೆ 2,600 ಮಾಡಿದರೆ ಗಿರಾಕಿಗೆ 3,068! ಅದೇ ಪೀಸು ಸಗಟಿನಲ್ಲಿ 1,900ಕ್ಕೆ ಹೋದರೆ ಆ ಬಿಲ್ಲಿಗೆ ಶೇ. 5 ಅಷ್ಟೇ.